ಹೈದರಾಬಾದ್‌ನಲ್ಲಿ ರೋಗಿಗೆ ಪಿಂಚಣಿ ಉಂಟು, ಆರೈಕೆ ಮಾಡುವವರಿಗೆ? ಅರ್ಜಿ ಹಾಕುವ ಮುನ್ನ ಕನ್ನಡಿಗರು ತಿಳಿಯಬೇಕಾದ ವಿಷಯಗಳು

ಹೈದರಾಬಾದ್: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ನೆಲೆನಿಂತ ಕನ್ನಡ ಕುಟುಂಬಗಳು ಹೈದರಾಬಾದ್‌ನಲ್ಲಿ ಸಾಕಷ್ಟಿವೆ. ಅಂಥದ್ದೇ ಒಂದು ಮನೆ ಎಂದುಕೊಳ್ಳಿ. ತಂದೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಆಡುತ್ತಿಲ್ಲ, ಮಾತೂ ನಿಂತಿದೆ. ನಾಲ್ಕು ಮನೆಯ ಬಟ್ಟೆ ಹೊಲಿದು ಸಂಸಾರಕ್ಕೆ ನೆರವಾಗುತ್ತಿದ್ದ ತಾಯಿ ಈಗ ಹೊಲಿಗೆ ಯಂತ್ರ ಮುಚ್ಚಿಟ್ಟು ದಿನವಿಡೀ ಗಂಡನ ಪಕ್ಕದಲ್ಲೇ ಇರುತ್ತಾರೆ. ಮಗ ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ರೇಷನ್ ಕಾರ್ಡ್ ಮಾತ್ರ ಇನ್ನೂ ಭಾಲ್ಕಿಯಲ್ಲೇ ಇದೆ.

ಈ ಮನೆಗೆ ಸರ್ಕಾರದಿಂದ ಏನು ಸಿಗುತ್ತದೆ? ತಂದೆಗೆ ಎಷ್ಟು, ತಾಯಿಗೆ ಎಷ್ಟು? ಯಾವ ರಾಜ್ಯದಿಂದ? ಉತ್ತರ ಅಷ್ಟು ಸರಳವಾಗಿಲ್ಲ. ಒಂದೊಂದಾಗಿ ನೋಡೋಣ.

ತೆಲಂಗಾಣದಲ್ಲಿ ಯಾವ ರೋಗಿಗೆ ಪಿಂಚಣಿ?

ತೆಲಂಗಾಣ ರಾಜ್ಯ ಹುಟ್ಟಿದ ವರ್ಷವೇ, ಅಂದರೆ 2014ರ ನವೆಂಬರ್‌ನಲ್ಲಿ, 'ಆಸರಾ' ಪಿಂಚಣಿ ಶುರುವಾಯಿತು. ಈಗಿನ ಸರ್ಕಾರ ಅದನ್ನು 'ಚೇಯೂತ' ಎಂದು ಕರೆಯುತ್ತಿದೆ. ಜನರ ಬಾಯಲ್ಲಿ ಇನ್ನೂ ಆಸರಾ ಎಂದೇ ಉಳಿದಿದೆ. ವೃದ್ಧರು, ವಿಧವೆಯರು, ಒಂಟಿ ಮಹಿಳೆಯರು, ನೇಕಾರರು, ಸೇಂದಿ ಇಳಿಸುವವರು, ಬೀಡಿ ಕಟ್ಟುವವರ ಜೊತೆಗೆ ಕಾಯಿಲೆಯ ಹೆಸರಿನಲ್ಲೇ ಮೂರು ವರ್ಗಗಳು ಇದರಲ್ಲಿವೆ. ಎಚ್‌ಐವಿ ಸೋಂಕಿತರು, ಆನೆಕಾಲು ರೋಗಿಗಳು ಮತ್ತು ಡಯಾಲಿಸಿಸ್ ಮಾಡಿಸಿಕೊಳ್ಳುವ ಕಿಡ್ನಿ ರೋಗಿಗಳು. ಡಯಾಲಿಸಿಸ್ ರೋಗಿಗಳು ಪಟ್ಟಿಗೆ ಸೇರಿದ್ದು 2022ರ ಆಗಸ್ಟ್‌ನಲ್ಲಿ. ಈ ಮೂವರಿಗೂ ತಿಂಗಳಿಗೆ 2,016 ರೂಪಾಯಿ.

ಅಂಗವಿಕಲರದ್ದು ಬೇರೆ ವರ್ಗ. 2023ರ ಜುಲೈನಿಂದ ಅವರಿಗೆ ತಿಂಗಳಿಗೆ 4,016 ರೂಪಾಯಿ. ಈ ವರ್ಗಕ್ಕೆ ವಯಸ್ಸಿನ ಮಿತಿ ಇಲ್ಲ, ಮಗುವಿಗೂ ಸಿಗುತ್ತದೆ. ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು, ಕಿವುಡುತನವಾದರೆ ಶೇ. 51. ಕಾಂಗ್ರೆಸ್ ಚುನಾವಣೆಯಲ್ಲಿ ಭರವಸೆ ಕೊಟ್ಟದ್ದು ಸಾಮಾನ್ಯ ಪಿಂಚಣಿ 4,000, ಅಂಗವಿಕಲರಿಗೆ 6,000. ಆದರೆ 2025ರ ಮಧ್ಯದವರೆಗೂ ಖಾತೆಗೆ ಬರುತ್ತಿದ್ದದ್ದು ಹಳೆಯ ಮೊತ್ತವೇ. ಹಾಗಾಗಿ ಏಜೆಂಟ್ ಯಾರಾದರೂ 'ಆರು ಸಾವಿರ ಮಾಡಿಸಿಕೊಡ್ತೀನಿ' ಎಂದರೆ ಎರಡು ಬಾರಿ ಯೋಚಿಸಿ.

ಇನ್ನು ಅನರ್ಹತೆಯ ವಿಷಯ. ಆಸರಾ ಮಾರ್ಗಸೂಚಿಯ ಪ್ರಕಾರ ಮೂರು ಎಕರೆಗಿಂತ ಹೆಚ್ಚು ನೀರಾವರಿ ಅಥವಾ ಏಳೂವರೆ ಎಕರೆಗಿಂತ ಹೆಚ್ಚು ಖುಷ್ಕಿ ಜಮೀನು ಇದ್ದರೆ, ಮಕ್ಕಳು ಸರ್ಕಾರಿ ನೌಕರಿಯಲ್ಲಿದ್ದರೆ, ನಾಲ್ಕು ಚಕ್ರದ ವಾಹನ ಇದ್ದರೆ, ಬೇರೆ ಸರ್ಕಾರಿ ಪಿಂಚಣಿ ಬರುತ್ತಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಕಾಯಿಲೆ ಬೇರೆ, ಅಂಗವೈಕಲ್ಯ ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. 'ನಮ್ಮವರಿಗೆ ದೊಡ್ಡ ಕಾಯಿಲೆ, ಪಿಂಚಣಿ ಕೊಡಿ' ಎಂದು ಆಸ್ಪತ್ರೆಯ ಫೈಲ್ ಹಿಡಿದು ಹೋದರೆ ಕೆಲಸವಾಗುವುದಿಲ್ಲ. ಕಚೇರಿ ಕೇಳುವುದು ಕಾಯಿಲೆಯ ಹೆಸರನ್ನಲ್ಲ, ಅದು ದೇಹದಲ್ಲಿ ಬಿಟ್ಟುಹೋದ ಕೊರತೆ ಶೇಕಡಾ ಎಷ್ಟು ಎಂಬುದನ್ನು.

ಆದರೆ ಇದೇ ಕಾರಣಕ್ಕೆ 'ನಮಗೆ ಬರಲ್ಲ' ಎಂದು ಕೈಬಿಟ್ಟವರಲ್ಲಿ ಎಷ್ಟೋ ಮಂದಿ ನಿಜವಾಗಿ ಅರ್ಹರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕುರುಡು, ಕಿವುಡು, ಕೈಕಾಲು ಊನ ಎಲ್ಲರಿಗೂ ಗೊತ್ತು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಮಸ್ಕುಲರ್ ಡಿಸ್ಟ್ರೋಫಿ, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ದೀರ್ಘಕಾಲದ ಮಾನಸಿಕ ಕಾಯಿಲೆ, ಗುಣವಾದ ಕುಷ್ಠ, ಆಸಿಡ್ ದಾಳಿಯ ಗಾಯ ಕೂಡ ಅದರಲ್ಲಿವೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಕ್ಯಾನ್ಸರ್ ಈ ಪಟ್ಟಿಯಲ್ಲಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಗಂಟಲು ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನು ಕಾಯ್ದೆ 'ಮಾತು ಮತ್ತು ಭಾಷೆಯ ಅಂಗವೈಕಲ್ಯ'ದಡಿ ನೇರವಾಗಿ ಹೆಸರಿಸಿದೆ. ಗುಟ್ಕಾ, ಬೀಡಿ ಚಟದಿಂದ ಗಂಟಲು ಕಳೆದುಕೊಂಡವರ ಮನೆಯವರು ಇದನ್ನು ಗಮನಿಸಬೇಕು. ಮೆದುಳಿನ ಹಾನಿಯಿಂದ ಮಾತು ಹೋದವರೂ ಇದೇ ವಿಭಾಗಕ್ಕೆ ಬರುತ್ತಾರೆ. ನಮ್ಮ ಭಾಲ್ಕಿ ಮನೆಯ ತಂದೆಗೆ ಕೈಕಾಲಿನ ಕೊರತೆಯೂ ಇದೆ, ಮಾತಿನ ಕೊರತೆಯೂ ಇದೆ. ತಪಾಸಣೆಯಲ್ಲಿ ಎರಡನ್ನೂ ಹೇಳಬೇಕು. ಬರೀ ಕಾಲು ತೋರಿಸಿ ಬಂದರೆ ಶೇಕಡಾವಾರು ಕಡಿಮೆಯಾಗಬಹುದು.

ಸದರಂ ಹೋಗಿ ಯುಡಿಐಡಿ ಬಂತು

ತೆಲಂಗಾಣದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಹುಕಾಲದಿಂದ ಇದ್ದ ಹೆಸರು 'ಸದರಂ'. ಮೀಸೇವಾ ಕೇಂದ್ರದಲ್ಲಿ ಸ್ಲಾಟ್ ಬುಕ್ ಮಾಡಿ, ಹೇಳಿದ ದಿನ ಶಿಬಿರಕ್ಕೆ ಹೋಗಬೇಕಿತ್ತು. 2025ರಲ್ಲಿ ರಾಜ್ಯವು ಕೇಂದ್ರ ಸರ್ಕಾರದ ಯುಡಿಐಡಿ ವ್ಯವಸ್ಥೆಗೆ ಬದಲಾಯಿತು. ಈಗ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಹಾಕಿ ಅರ್ಜಿ ಸಲ್ಲಿಸಬೇಕು. ನಂತರ ಆಸ್ಪತ್ರೆಯಲ್ಲಿ ತಪಾಸಣೆ. ಮೀಸೇವಾ ಕೌಂಟರ್‌ನಲ್ಲಿ 'ಸದರಂ' ಎಂದರೂ ಅರ್ಥವಾಗುತ್ತದೆ, ಚಿಂತೆಯಿಲ್ಲ. ಅರ್ಜಿದಾರರಿಗೆ ತಾವೇ ಅರ್ಜಿ ಹಾಕುವ ಸ್ಥಿತಿ ಇಲ್ಲದಿದ್ದರೆ ಪೋಷಕರು ಅವರ ಪರವಾಗಿ ಹಾಕಬಹುದು. ಪ್ರಮಾಣಪತ್ರ ಕೊಡಲು ಆಸ್ಪತ್ರೆಗೆ 2024ರ ನಿಯಮಗಳು ಮೂರು ತಿಂಗಳ ಕಾಲಾವಕಾಶ ಕೊಟ್ಟಿವೆ. ಕಾರ್ಡಿನ ಬಣ್ಣ ನೋಡಿದರೆ ಮಟ್ಟ ತಿಳಿಯುತ್ತದೆ. ಶೇ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ಕ್ಕೆ ಹಳದಿ, ಅದಕ್ಕೂ ಮೇಲೆ ನೀಲಿ. ಬಿಳಿ ಕಾರ್ಡ್ ಬಂದರೆ ಅಂಗವಿಕಲ ಪಿಂಚಣಿ ಇಲ್ಲ. ಆಗ ಮೇಲ್ಮನವಿ ಹಾಕುವ ಹಕ್ಕನ್ನು ಕಾಯ್ದೆಯ 59ನೇ ಸೆಕ್ಷನ್ ಕೊಟ್ಟಿದೆ.

ಗಡಿ ದಾಟಿ ಬಂದವರಿಗೆ ಇಲ್ಲಿ ಎರಡು ಅನುಕೂಲಗಳಿವೆ. ಒಂದು, ತಪಾಸಣೆಗೆ ವಿಳಾಸದ ಜಿಲ್ಲೆಗೇ ಹೋಗಬೇಕೆಂದಿಲ್ಲ. ಆ ಕೊರತೆಗೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೂ ಅರ್ಜಿ ಹಾಕಲು ನಿಯಮ ಬಿಟ್ಟಿದೆ. ಗಾಂಧಿ ಅಥವಾ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದ್ದರೆ ಅಲ್ಲಿನ ಕೇಸ್ ಶೀಟ್ ಜೋಪಾನ ಮಾಡಿ. ಎರಡು, ಪ್ರಮಾಣಪತ್ರ ಎಲ್ಲಿ ಪಡೆದರೂ ದೇಶವಿಡೀ ಮಾನ್ಯ. ಇದು 58ನೇ ಸೆಕ್ಷನ್‌ನಲ್ಲೇ ಇದೆ. ಬೀದರ್‌ನಲ್ಲಿ ಮಾಡಿಸಿದ ಯುಡಿಐಡಿ ಕಾರ್ಡನ್ನು 'ಇದು ಕರ್ನಾಟಕದ್ದು' ಎಂದು ತಳ್ಳಿಹಾಕುವಂತಿಲ್ಲ. ಆದರೆ ಕೈಬರಹದ ಹಳೆಯ ಕನ್ನಡ ಪ್ರಮಾಣಪತ್ರ ಇದ್ದರೆ ಮೊದಲು ಅದನ್ನು ಯುಡಿಐಡಿಗೆ ಬದಲಿಸಿಕೊಳ್ಳುವುದು ಜಾಣತನ. ಕನ್ನಡ, ತೆಲುಗು ಲಿಪಿ ಅಕ್ಕತಂಗಿಯರೇ ಇರಬಹುದು, ಕೌಂಟರ್‌ನಲ್ಲಿ ಕೂತ ಗುಮಾಸ್ತರು ಅರ್ಧ ಓದಿ ಪಕ್ಕಕ್ಕಿಟ್ಟರೆ ದಿನ ಹಾಳಾಗುವುದು ನಿಮ್ಮದೇ.

ಮತ್ತೊಂದು ಎಚ್ಚರಿಕೆ. ಲಕ್ವಾದಂಥ ಸ್ಥಿತಿಯಲ್ಲಿ ಸುಧಾರಣೆಯ ಸಾಧ್ಯತೆ ಇದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಅವಧಿ ಮುಗಿದು ನವೀಕರಣ ಆಗದಿದ್ದರೆ ಪಿಂಚಣಿ ನಿಲ್ಲುವ ಅಪಾಯವಿದೆ.

ಕಾರ್ಡ್ ಗಡಿ ದಾಟುತ್ತದೆ, ಪಿಂಚಣಿ ದಾಟುವುದಿಲ್ಲ

'ಒಂದು ದೇಶ, ಒಂದು ರೇಷನ್ ಕಾರ್ಡ್' ಬಂದ ಮೇಲೆ ಭಾಲ್ಕಿಯ ಕಾರ್ಡ್ ತೋರಿಸಿ ಹೈದರಾಬಾದ್‌ನಲ್ಲಿ ಧಾನ್ಯ ಪಡೆಯಬಹುದು. ಹಾಗಾದರೆ ಪಿಂಚಣಿಯೂ ಬರುತ್ತದೆ ಎಂದು ಅನೇಕರು ಅಂದುಕೊಂಡಿದ್ದಾರೆ. ಇಲ್ಲ. ಆ ವ್ಯವಸ್ಥೆ ಧಾನ್ಯಕ್ಕೆ ಮಾತ್ರ. ಪಿಂಚಣಿ ಆಯಾ ರಾಜ್ಯದ ನಿವಾಸಿಗಳಿಗೆ. 2023ರ ಡಿಸೆಂಬರ್ 28ರಿಂದ 2024ರ ಜನವರಿ 6ರವರೆಗೆ ನಡೆದ 'ಪ್ರಜಾ ಪಾಲನ'ದಲ್ಲಿ ಅರ್ಜಿಯ ಜೊತೆ ಆಧಾರ್ ಮತ್ತು ಬಿಳಿ ರೇಷನ್ ಕಾರ್ಡಿನ ಪ್ರತಿ ಕೇಳಿದ್ದರು. ಭಾಲ್ಕಿಯ ಕಾರ್ಡ್ ಇಟ್ಟುಕೊಂಡವರು ಆಗಲೇ ತೊಡಕಿಗೆ ಸಿಕ್ಕಿದ್ದರು.

ತೆಲಂಗಾಣದ ಆಹಾರ ಭದ್ರತಾ ಕಾರ್ಡ್ ಬೇಕೆಂದರೆ ಕರ್ನಾಟಕದ ಕಾರ್ಡ್‌ನಿಂದ ಹೆಸರು ತೆಗೆಸಬೇಕು. ಇಲ್ಲಿ ಲೆಕ್ಕ ಹಾಕಿ ನಿರ್ಧರಿಸಬೇಕಾದ ವಿಷಯವಿದೆ. ಕರ್ನಾಟಕದಲ್ಲಿ ಶೇ. 75ಕ್ಕಿಂತ ಹೆಚ್ಚು ಅಂಗವೈಕಲ್ಯಕ್ಕೆ ಮಾಸಾಶನ 1,400 ರೂಪಾಯಿ, ಅದಕ್ಕಿಂತ ಕಡಿಮೆಯಿದ್ದರೆ 800. ಇದರ ಜೊತೆಗೆ ಮನೆಯೊಡತಿಗೆ ಗೃಹಲಕ್ಷ್ಮಿಯ 2,000. ತೆಲಂಗಾಣದಲ್ಲಿ ರೋಗಿಗೆ 4,016, ಜೊತೆಗೆ 2023ರ ಡಿಸೆಂಬರ್ 9ರಿಂದ 10 ಲಕ್ಷಕ್ಕೆ ಏರಿದ ಆರೋಗ್ಯಶ್ರೀ. ಊರಲ್ಲಿ ಮನೆ, ಮಂದಿ ಇದ್ದು ಚಿಕಿತ್ಸೆಗೆ ಮಾತ್ರ ಹೈದರಾಬಾದ್‌ಗೆ ಬಂದು ಹೋಗುವವರು ಕಾರ್ಡ್ ಕಳೆದುಕೊಳ್ಳಬಾರದು. ಹತ್ತು ವರ್ಷದಿಂದ ಇಲ್ಲೇ ಬಾಡಿಗೆ ಕಟ್ಟುತ್ತಿರುವವರಿಗೆ ಇಲ್ಲಿನ ಕಾರ್ಡೇ ಸರಿ. ಎರಡೂ ಕಡೆ ಪಡೆಯುವ ಆಸೆ ಬೇಡ. ಆಧಾರ್ ಒಂದೇ ಆದ್ದರಿಂದ ಇಂದಲ್ಲ ನಾಳೆ ಗೊತ್ತಾಗುತ್ತದೆ.

ಹಾಗಾದರೆ ಆರೈಕೆ ಮಾಡುವವರಿಗೆ?

ನೇರವಾಗಿ ಹೇಳುವುದಾದರೆ, ಚೇಯೂತ ಪಟ್ಟಿಯಲ್ಲಿ 'ಆರೈಕೆದಾರರು' ಎಂಬ ವರ್ಗವೇ ಇಲ್ಲ. ಹೊಲಿಗೆ ಯಂತ್ರ ಮುಚ್ಚಿಟ್ಟ ಆ ತಾಯಿಗೆ, ಆ ಕಾರಣಕ್ಕಾಗಿ, ತೆಲಂಗಾಣದಲ್ಲಿ ಪಿಂಚಣಿ ಇಲ್ಲ. ವಯಸ್ಸು 57 ದಾಟಿದ್ದರೆ ವೃದ್ಧಾಪ್ಯ ವರ್ಗದಲ್ಲಿ ಕೇಳಬಹುದು, ಅದು ಬೇರೆ ಮಾತು.

ಕಾನೂನಿನಲ್ಲಿ ಮಾತ್ರ ಆಕೆ ಇದ್ದಾರೆ. 2016ರ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ಬೆಂಬಲ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಯೋಜನೆ ಮಾಡಬೇಕು ಎನ್ನುತ್ತದೆ. ಜೊತೆಗೆ 'ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ' ಎಂಬ ಮಾತನ್ನೂ ಸೇರಿಸಿದೆ. ಆ ಒಂದು ಮಾತಿನ ನೆರಳಲ್ಲಿ ರಾಜ್ಯಗಳು ಆರಾಮಾಗಿ ಕೂತಿವೆ.

ಎಲ್ಲ ರಾಜ್ಯಗಳೂ ಅಲ್ಲ. ಕರ್ನಾಟಕ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರಕಟಿಸಿತು. ಕೇರಳದ 'ಆಶ್ವಾಸಕಿರಣಂ' ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 600 ರೂಪಾಯಿ ನಿಗದಿ ಮಾಡಿದೆ. ಕಾಸರಗೋಡಿನ ಕನ್ನಡಿಗರಿಗೆ ಇದು ಪರಿಚಿತ ಹೆಸರು. ಮೊತ್ತ ಸಣ್ಣದು, ನಿಜ. ಆದರೆ ಸೇವೆಗೆ ಒಂದು ಹೆಸರು, ಒಂದು ಅರ್ಜಿ ನಮೂನೆ ಅಲ್ಲಿದೆ. ಬೀದರ್‌ನಿಂದ ಜಹೀರಾಬಾದ್‌ಗೆ ಬಂದರೆ ರೋಗಿಯ ಪಿಂಚಣಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ನೋಡಿಕೊಳ್ಳುವವರ ಪಾಲು ಸೊನ್ನೆಯಾಗುತ್ತದೆ.

ತೆಲಂಗಾಣದಲ್ಲಿ ಕೇಳುವ ದಾರಿಯೇ ಇಲ್ಲವೆಂದಲ್ಲ. ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಶೇ. 40 ದಾಟಿದ ಯಾವುದೇ ಅಂಗವಿಕಲ ವ್ಯಕ್ತಿ ಅಥವಾ ಅವರ ಪರವಾಗಿ ಮತ್ತೊಬ್ಬರು 'ಹೆಚ್ಚಿನ ಬೆಂಬಲ ಬೇಕು' ಎಂದು ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅದನ್ನು ಮೌಲ್ಯಮಾಪನ ಮಂಡಳಿಗೆ ಕಳುಹಿಸಬೇಕು. ಮಲಕ್‌ಪೇಟೆಯಲ್ಲಿರುವ ಅಂಗವಿಕಲರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆಯೇ ಹಣ ಬರುತ್ತದೆ ಎಂದಲ್ಲ. ಅರ್ಜಿಗಳೇ ಇಲ್ಲದಿದ್ದರೆ 'ಬೇಡಿಕೆ ಇಲ್ಲ' ಎನ್ನಲು ಸುಲಭ, ಅಷ್ಟೇ.

ಒಂದು ತಮಾಷೆ ಗೊತ್ತೇ? ರೋಗಿಯ ಜೊತೆಗಾರರನ್ನು ಹೆಸರಿಟ್ಟು ಲೆಕ್ಕಕ್ಕೆ ತೆಗೆದುಕೊಂಡ ಸರ್ಕಾರಿ ಇಲಾಖೆಗಳಲ್ಲಿ ರೈಲ್ವೆ ಒಂದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75. ಡಯಾಲಿಸಿಸ್ ರೋಗಿಗಳ ಜೊತೆಗಾರರಿಗೂ ರಿಯಾಯಿತಿ ಇದೆ. ಬೀದರ್ ಕಡೆಯಿಂದ ರೈಲಿನಲ್ಲಿ ಬಂದು ಹೋಗುವವರು ವೈದ್ಯರಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬರೆಸಿಕೊಳ್ಳಿ.

ದುಡಿಯುವವರೇ ಹಾಸಿಗೆ ಹಿಡಿದರೆ

ಜೀಡಿಮೆಟ್ಲ, ಪಟಾನ್‌ಚೆರು ಕಾರ್ಖಾನೆಗಳಲ್ಲಿ, ಸೆಕ್ಯುರಿಟಿ ಏಜೆನ್ಸಿಗಳಲ್ಲಿ, ಹೋಟೆಲ್‌ಗಳಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಕಡಿತವಾಗುತ್ತದೆ. ಇದನ್ನು ಬರೀ ಔಷಧಿ ಕೊಡುವ ಆಸ್ಪತ್ರೆ ಎಂದುಕೊಂಡವರೇ ಹೆಚ್ಚು. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಇಎಸ್‌ಐ ನಗದು ಕೊಡುತ್ತದೆ. ಕ್ಯಾನ್ಸರ್, ಟಿಬಿ, ಪಾರ್ಶ್ವವಾಯು ಸೇರಿದಂತೆ 34 ದೀರ್ಘ ಕಾಯಿಲೆಗಳಿಗೆ ಶೇ. 80ರಂತೆ ಎರಡು ವರ್ಷದವರೆಗೂ ಕೊಡುತ್ತದೆ. ಇದಕ್ಕೆ ಎರಡು ವರ್ಷದ ವಿಮಾ ಸೇವೆ ಇರಬೇಕು. ಇದನ್ನು ಕೇಳದೆ ರಾಜೀನಾಮೆ ಕೊಟ್ಟು ಮನೆಗೆ ಹೋದವರ ನಷ್ಟ ದೊಡ್ಡದು. ಆದ್ದರಿಂದ ರಾಜೀನಾಮೆ ಪತ್ರ ಬರೆಯುವ ಮೊದಲು ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ನಮ್ಮ ಉದಾಹರಣೆಯ ಮಗನಿಗೆ ಇಎಸ್‌ಐ ಇದ್ದರೆ, ಅವನನ್ನೇ ಅವಲಂಬಿಸಿದ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ.

ಟಿಬಿ ರೋಗಿಗಳಿಗೆ ಬೇರೆಯದೇ ದಾರಿ. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 500 ಇತ್ತು. ಅಂಗವೈಕಲ್ಯ ಬೇಡ, ಬಡತನದ ಕಾರ್ಡೂ ಬೇಡ. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರು ನಿಕ್ಷಯ್‌ನಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಮಕ್ಕಳಿಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇದ್ದರೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಒಂದು ಲಕ್ಷ ರೂಪಾಯಿವರೆಗೆ ಹೊರರೋಗಿ ವೆಚ್ಚ, ಥೆರಪಿಯನ್ನೂ ಭರಿಸುತ್ತದೆ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರಿಗೂ ಪೋಷಕತ್ವದ ಪತ್ರ ಬೇಕಾಗುತ್ತದೆ. ಅದನ್ನು ಜಿಲ್ಲಾ ಕಲೆಕ್ಟರ್ ನೇತೃತ್ವದ ಸ್ಥಳೀಯ ಸಮಿತಿ ಕೊಡುತ್ತದೆ. ಸಿಕಂದರಾಬಾದ್‌ನ ಮನೋವಿಕಾಸ ನಗರದಲ್ಲಿರುವ ರಾಷ್ಟ್ರೀಯ ಸಂಸ್ಥೆಗೆ ಬೀದರ್, ಕಲಬುರಗಿಯಿಂದಲೂ ಮಕ್ಕಳನ್ನು ಕರೆತರಬಹುದು. ತೆರಿಗೆ ಕಟ್ಟುವವರಿಗೆ ಇನ್ನೊಂದು ಮಾತು: ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡರೆ ಅಂಗವಿಕಲ ಅವಲಂಬಿತರಿಗಾಗಿ 75,000, ಶೇ. 80 ದಾಟಿದ್ದರೆ 1,25,000 ರೂಪಾಯಿ ಕಡಿತ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ.

ಅರ್ಜಿ ಎಲ್ಲಿ, ಹಣ ಹೇಗೆ?

ಹೈದರಾಬಾದ್‌ನಲ್ಲಿ ಪಿಂಚಣಿ ಅರ್ಜಿಗೆ ಮೊದಲು ವಿಚಾರಿಸಬೇಕಾದದ್ದು ನಿಮ್ಮ ಮಂಡಲದ ತಹಸೀಲ್ದಾರ್ ಕಚೇರಿಯಲ್ಲಿ. ಅಲ್ಲಿ ಉತ್ತರ ಸಿಗದಿದ್ದರೆ ಸೋಮವಾರ ಕಲೆಕ್ಟರ್ ಕಚೇರಿಯ ಪ್ರಜಾವಾಣಿ, ಮಂಗಳವಾರ ಮತ್ತು ಶುಕ್ರವಾರ ಬೇಗಂಪೇಟೆಯ ಪ್ರಜಾಭವನ. ಹೊಸ ಪಿಂಚಣಿಗಳು ಸಾಮಾನ್ಯವಾಗಿ ಸರ್ಕಾರ ಆದೇಶ ಹೊರಡಿಸಿದಾಗ ಒಟ್ಟಿಗೆ ಮಂಜೂರಾಗುತ್ತವೆ. 2022ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಅಲ್ಲಿಯವರೆಗೆ ಕಾಯಬೇಕಾಗುತ್ತದೆ. ಸ್ವೀಕೃತಿ ಚೀಟಿ ಕಳೆದರೆ ಸರದಿಯೂ ಕಳೆದಂತೆ. ಎಚ್‌ಐವಿ ವರ್ಗದವರು ಕೌಂಟರ್‌ನಲ್ಲಿ ಎಲ್ಲರ ಮುಂದೆ ಹೇಳಿಕೊಳ್ಳಬೇಕಿಲ್ಲ. ಚಿಕಿತ್ಸೆ ಪಡೆಯುವ ಎಆರ್‌ಟಿ ಕೇಂದ್ರದಲ್ಲೇ ವಿಚಾರಿಸಬಹುದು. ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನು 2017ರ ಕಾನೂನು ನಿಷೇಧಿಸಿದೆ.

ಮಂಜೂರಾದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಹಾಸಿಗೆಯಿಂದ ಏಳಲಾಗದವರು ಬ್ಯಾಂಕಿಗೆ ಹೋಗುವುದು ಹೇಗೆ? 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು. ಕೈ ಆಡದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಆಗಿರಬೇಕು. ಶಾಖೆಯಲ್ಲಿ 'ಆಗಲ್ಲ' ಎಂದರೆ ಇದೇ ನಿಯಮವನ್ನು ಹೇಳಿ, ಲಿಖಿತವಾಗಿ ಕೇಳಿ. ಬೆರಳಚ್ಚು ಸವೆದು ಆಧಾರ್ ಹೊಂದದಿದ್ದರೆ 1947ಕ್ಕೆ ಕರೆ ಮಾಡಿ ಮನೆಗೆ ಬಂದು ನವೀಕರಿಸುವ ಸೌಲಭ್ಯ ವಿಚಾರಿಸಿ.

ಇನ್ನು ಆ ತಾಯಿಯ ವಿಷಯ. ರಾತ್ರಿ ನಿದ್ದೆ ಇಲ್ಲದೆ, ಹಗಲು ಮಾತಿಗೆ ಜನ ಇಲ್ಲದೆ ಕುಸಿಯುವವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಉಚಿತ ಕರೆ, ದಿನದ 24 ಗಂಟೆ, ಭಾಷೆ ಆರಿಸಿಕೊಳ್ಳುವಾಗ ಕನ್ನಡವೂ ಸಿಗುತ್ತದೆ.